ಖಾಲಿ ಹಾಳೆಯ ಹೆಬ್ಬೆಟ್ಟುಗಳು

ಮೇಲಿನಕೊಪ್ಪಲು,
ಕಂಪಲಾಪುರದ ಹತ್ತಿರ
೬-೩-೧೯೩೯

ಅಣ್ಣ ಶಿವನಂಜಪ್ಪನಿಗೆ ತಂಗಿ ಪುಟ್ಟಮಲ್ಲಮ್ಮ ಬರೆಯುವುದು.

ಒಂದು ತಿಂಗಳಿಂದ ಯಾಕೆ ಕಾಗದವಿಲ್ಲ ಎಂದು ಕೇಳಿದ್ದೀಯೆ. ಕೆಲಸವಿತ್ತು. ಅವ್ವ ಆರೋಗ್ಯವಾಗಿದ್ದಾಳೆ. ಹುಣಸೂರಿನ ತಾಲ್ಲೂಕು ಕಚೇರಿಯಲ್ಲಿ ನಿನಗೆ ಗುಮಾಸ್ತೆ ಕೆಲಸ ಸಿಕ್ಕಿತೆಂದು ಬೀದಿಗೆಲ್ಲ ಬೆಲ್ಲ ಹಂಚಿದಳು. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಆಮೇಲೆ ಎರಡೇ ದಿನಕ್ಕೆ ಆ ಕಚೇರಿಯ ಅಮಲ್ದಾರರು ಊರಿಗೆ ಬಂದರು.

ರಾಗಿ ಕುಯ್ಲಿಗೆ ಮೊದಲು ಬಂದಿದ್ದರಲ್ಲ, ಅವರೇ. ಊರಿಗೆ ಯಾವ ಕಟ್ಟಡ ಬೇಕೆಂದು ಈ ಸಲ ಹುಡುಗರೂ ಹೇಳಲಿ ಎಂದು, ಹಿರಿಯರ ಎದುರು ಕೆಳಗೆ ನಿಂತೇ ಅಭ್ಯಾಸವಾದ ನಮ್ಮ ಹುಡುಗರನ್ನು ಅವತ್ತು ಚಾವಡಿ ಜಗಲಿಯ ಮೇಲೆ ಕೂರಿಸಿದ್ದರು. ಸಣ್ಣಬೀರಯ್ಯ ಕೂರಲೂ ಆಗದೆ ಏಳಲೂ ಆಗದೆ ಒದ್ದಾಡಿದ್ದನ್ನು ನೆನೆದು ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಎಲ್ಲರೂ ಸೇರಿ ಮಿಡ್ಲ್ ಸ್ಕೂಲು ಬೇಕೆಂದು ತೀರ್ಮಾನಿಸಿದರು. ನಾಲ್ಕನೇ ಕ್ಲಾಸಿನ ಆಚೆಗೂ ಓದಬೇಕೆಂಬ ಆಸೆ ನನಗೂ ಇತ್ತು, ನಿನಗದು ಗೊತ್ತಿತ್ತು. ಹುಡುಗರಲ್ಲಿ ಓದಿದವನು ನೀನೊಬ್ಬನೇ ಆದ್ದರಿಂದ ಅರ್ಜಿ ಬರೆಯಲು ನಿನ್ನನ್ನೇ ಆರಿಸಿದರು.

ಒಕ್ಕಣೆಯನ್ನು ಹುಣಸೂರಿನಲ್ಲಿ ತಿಳಿದವರನ್ನು ಕೇಳಿ ಬರೆಯುತ್ತೇನೆ, ಎಲ್ಲರೂ ಕುಯ್ಲಿಗೆ ಚೆದುರುವ ಮೊದಲು ಹೆಬ್ಬೆಟ್ಟು ಒತ್ತಿಬಿಡಲಿ ಎಂದೆ ನೀನು. ದೀಪದ ಕಪ್ಪಿಗೆ ಹರಳೆಣ್ಣೆ ಕಲಸಿ ಮಸಿ ಮಾಡಿದವಳು ನಾನು. ಹಾಳೆಯ ಮೇಲರ್ಧ ಖಾಲಿ. ಮಂಟಯ್ಯ ಮಾತ್ರ ಕೈ ಹಿಂದೆಳೆದ. "ಏನೂ ಬರ್ದೇ ಇಲ್ವಲ್ಲ, ಇದ್ಕೆಂಗೆ ಒತ್ತದು ಕಣಮ್ಮಿ?" ಎಂದ. "ನಮ್ಮಣ್ಣ ಕಣೋ, ಒತ್ತು" ಎಂದು ಮಸಿಯ ಕರಟವನ್ನು ಅವನ ಮುಂದೆ ಹಿಡಿದವಳೂ ನಾನೇ.

ಅಮಲ್ದಾರರು ಆ ಹಾಳೆಯನ್ನು ಎಲ್ಲರೆದುರು ಓದಿದರು. ಸ್ಕೂಲು ಸದ್ಯಕ್ಕೆ ಬೇಡ, ಹೊಸ ಚಾವಡಿ ಕಟ್ಟಿಸಿಕೊಡಬೇಕೆಂದು ಯುವಕರಾದ ನಾವು ಬೇಡುತ್ತೇವೆ ಎಂದಿತ್ತು. ಅಕ್ಷರ ನಿನ್ನದು. ಸಣ್ಣಬೀರಯ್ಯ ಎದ್ದು, "ನಾವಂಗೆ ಏಳಿಲ್ಲ ಕಣ್ರೀ ಬುದ್ಧೀ" ಎಂದ. ಅವರು ಹಾಳೆ ತೋರಿಸಿದರು. ಕುಡುಗೋಲಿನ ಗಾಯದ ಗೆರೆ ಅಡ್ಡಬಿದ್ದ ಹೆಬ್ಬೆಟ್ಟು ಇಡೀ ಊರಿಗೆ ಅವನದೊಂದೇ. ಇವತ್ತೊಂದು ನಾಳೆಯೊಂದು ಹೇಳುವ ಹುಡುಗರನ್ನು ಕೇಳಿದ್ದೇ ತಪ್ಪು, ಇನ್ನು ಕೇಳುವುದಿಲ್ಲ ಎಂದು ಅಮಲ್ದಾರರು ಸಿಟ್ಟಾದರು. ಹೊಸ ಚಾವಡಿಯ ಆಸೆಯಿದ್ದ ಪಟೇಲ ದೊಡ್ಡಬೀರಯ್ಯನವರು ಹುಡುಗರ ಕಡೆ ತಿರುಗಿ ನಗುತ್ತ, "ನಿಮ್ಮುಡುಗ್ನೇ ಬರ್ಕೊಟ್ಟವ್ನೆ, ಬುಡಿ" ಎಂದರು. ನಿನ್ನ ಕೆಲಸಕ್ಕೆ ಶಿಫಾರಸು ಮಾಡಿದವರು ತಾವೇ ಎಂಬುದೂ ಅವರ ಬಾಯಿಂದಲೇ ಬಂತು.

ಮಂಟಯ್ಯ ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಬೇಕು, ಪಟೇಲರ ಮಾತು ಮೀರಲಾರೆ ಎಂದು ನೀನು ನನಗೆ ಹೇಳಿದ್ದರೆ ಹೊಟ್ಟೆ ಉರಿದರೂ ಸುಮ್ಮನಾಗುತ್ತಿದ್ದೆ. ನಮ್ಮ ಬೆರಳುಗಳಿಂದಲೇ ನಮ್ಮ ಬಾಯಿ ಮುಚ್ಚಿಸಿದೆಯಲ್ಲ, ಅದನ್ನು ಹೇಗೆ ನುಂಗಲಿ? ಮರಳಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವನು ನೀನು. ಇನ್ನೊಬ್ಬ ಯಾರಾದರೂ ಹೀಗೆ ಮಾಡಿದ್ದರೆ ನಿನ್ನ ಹತ್ತಿರವೇ ಓಡಿಬಂದು ದೂರು ಹೇಳುತ್ತಿದ್ದೆ.

ಅವ್ವನ ಕಿವಿಗೆ ಇದು ಬಿದ್ದಿಲ್ಲ. ಅವಳು ಕೇಳಿದರೆ ನೀನೇ ಹೇಳು.

ಈಗಲೂ ನಿನ್ನ ತಂಗಿಯೇ ಆದ
ಪುಟ್ಟಮಲ್ಲಮ್ಮ

ಮರೆತಿದ್ದೆ: ಕಚೇರಿಯ ಟಪಾಲು ಒಡೆದು ಅಮಲ್ದಾರರ ಮೇಜಿನ ಮೇಲಿಡುವುದು ನಿನ್ನ ಕೆಲಸವೆಂದು ನೀನೇ ಅವ್ವನಿಗೆ ಬರೆದಿದ್ದೆ. ಈ ಕಾಗದದ ಹಿಂದೆಯೇ, ನನ್ನ ಅಕ್ಷರದಲ್ಲೇ, ಅವರ ಹೆಸರಿಗೆ ಇನ್ನೊಂದು ಲಕೋಟೆ ಬರುತ್ತದೆ. ಹಾಳೆ ಖಾಲಿ ಇದ್ದದ್ದನ್ನು ಬರೆದಿದ್ದೇವೆ, ಸ್ಕೂಲು ಕೇಳಿದ್ದೇವೆ. ಕೆಳಗೆ ಒಂದೂ ಹೆಬ್ಬೆಟ್ಟಿಲ್ಲ. ಅವತ್ತು ಒತ್ತಿದ ಇಪ್ಪತ್ತೆರಡು ಜನಕ್ಕೂ ಈ ಒಂದು ತಿಂಗಳಿಂದ ಮರಳಿನ ಮೇಲೆ ಅವರವರ ಹೆಸರು ತಿದ್ದಿಸಿದೆ. ಮೇಲೆ ಬರೆದದ್ದನ್ನು ಎರಡು ಸಲ ಓದಿಸಿ ಕೇಳಿಕೊಂಡು ಮಂಟಯ್ಯ ಮೊದಲು ರುಜು ಹಾಕಿದ. ನೀನು ಹರಿದು ಬಿಸಾಡಿದರೆ ಕಚೇರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅಂಚೆಗೆ ಹಾಕಬೇಡ ಎಂದರು ಎಲ್ಲರೂ. "ನಮ್ಮಣ್ಣ ಕಣ್ರೋ" ಎಂದು ಇನ್ನೊಂದು ಸಲ ಹೇಳಿ ಹಾಕಿದ್ದೇನೆ.