ಮಗುಚಿಟ್ಟ ದೋಣಿಯಂಥ ಮಾಡು

ಹೊನ್ನಾವರ,
ತಾ. 9-10-1949, ಆದಿತ್ಯವಾರ

ಚಿರಂಜೀವಿ ದೇವುವಿಗೆ,

ನಿನ್ನ ಸೋದರಮಾವ ಬೊಮ್ಮಯ್ಯ ಮನಸಾರೆ ಹರಸಿ ಬರೆಯುವುದು. ನಿನ್ನ ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆ, ಕೇರಿಯೆಲ್ಲ ತಿರುಗಾಡುತ್ತಿದ್ದಾಳೆ. ನನ್ನ ಬಲ ಮೊಣಕಾಲೊಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲವೂ ನೆಟ್ಟಗಿದೆ.

ನಿನ್ನ ಪತ್ರ ಮಳೆಗಾಲ ಹಿಡಿಯುವ ಮೊದಲೇ ಬಂದಿತ್ತು. ಉತ್ತರಕ್ಕೆ ನಾಲ್ಕು ತಿಂಗಳಾಯಿತು. ಹೊಳೆ ಬಂದು ಟಪಾಲು ನಿಂತಿತ್ತು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಟಪಾಲು ನಿಂತದ್ದು ಎಂಟೇ ದಿನ. ಮೂರು ಸಲ ಕಾಗದ ಹಿಡಿದು ಕುಳಿತೆ, ಮೂರು ಸಲವೂ ಎದ್ದುಹೋದೆ. ನಿನ್ನೆ ನಿನ್ನ ಅವ್ವ, “ಅಣ್ಣಾ, ಅಂವ ಅಲ್ಲಿ ಒಬ್ಬನೇ ಇದ್ದಾನೆ. ನಿಂಗೆ ಬರೆಯೂಕೆ ಎಂತ ಕಷ್ಟ? ಒಂದು ಕಾಗದ ಬರೆ ಅಲ್ದಾ” ಎಂದು ಶಾಯಿಯ ದೌತಿಯನ್ನು ತಂದು ನನ್ನ ಮುಂದೆಯೇ ಇಟ್ಟಳು.

ನೀನು ನಕ್ಷೆ ಬರೆಯುವ ಕೆಲಸವನ್ನು ಪೂರ್ತಿ ಬಿಟ್ಟೆಯಂತೆ. ನಿಮ್ಮ ಇಂಜಿನಿಯರ್ ಸಾಹೇಬರು ಎರಡು ಸಲ ಹೇಳಿ ಕಳುಹಿಸಿದರೂ ಹೋಗಲಿಲ್ಲವಂತೆ. ಮುಂಬಯಿಯ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದೇನೆ ಎಂದು ಬರೆದಿದ್ದೀಯ. “ಜನ ನಿಲ್ಲುವ ಜಾಗದ ಮೇಲೆ ಮಾಡು ಹೊದಿಸುವ ಧೈರ್ಯ ನನ್ನಲ್ಲಿ ಉಳಿದಿಲ್ಲ ಮಾವ” ಎಂಬ ಸಾಲನ್ನು ನಾನು ನಿನ್ನ ಅವ್ವನಿಗೆ ಓದಿ ಹೇಳಲಿಲ್ಲ. “ದೇವು ಆರಾಮ ಇದ್ದಾನಂತೆ” ಎಂದಷ್ಟೇ ಹೇಳಿದೆ.

ಊರಿನ ಸುದ್ದಿ ಹೇಳುತ್ತೇನೆ. ಬಂದರಿನ ಹತ್ತಿರ ಹೊಸ ಮೀನುಪೇಟೆ ಮೇ ತಿಂಗಳಲ್ಲಿ ಶುರುವಾಯಿತು. ಕಟ್ಟಿದವನು ನಾನೇ ಎಂಬುದು ನಿನಗೆ ಗೊತ್ತು. ಚೀರೆಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಳಗೆ ಹದಿನಾರು ಕಂಬ. ಮೊದಲ ದಿನವೇ ಮೀನು ಮಾರುವ ಲಕ್ಕಿ ಬುಟ್ಟಿ ಇಳಿಸಿ ಸುತ್ತ ನೋಡಿ, ಎಲ್ಲರೆದುರಿಗೇ ಹೇಳಿದಳು: “ಬೊಮ್ಮಣ್ಣಾ, ಇದು ಪೇಟೆಯಾ, ಕಂಬದ ತೋಟವಾ? ಗಿರಾಕಿಗೆ ನನ್ನ ಮೊಕ ಕಾಣೂದಿಲ್ಲ, ನಂಗೆ ಗಿರಾಕಿ ಕಾಣೂದಿಲ್ಲ.” ಜನ ನಕ್ಕರು. ನಾನೂ ನಕ್ಕೆ. ಆದರೆ ಮಳೆಗಾಲದಲ್ಲಿ ಹೋಗಿ ನೋಡಿದರೆ ಅವಳು ಹೇಳಿದ್ದು ನಗುವ ಮಾತಾಗಿರಲಿಲ್ಲ. ಒಳಗೆ ಗಾಳಿಯಿಲ್ಲ, ನೆಲದಲ್ಲಿ ನೀರು ನಿಂತಿತ್ತು, ಹೆಂಗಸರು ಗೋಣಿಚೀಲ ಹಾಸಿಕೊಂಡು ಕೂತಿದ್ದರು.

ಇನ್ನು ಹಳೆಯ ಮಾತು. ನಿನಗೆ ಗೊತ್ತಿದ್ದುದನ್ನೇ ಮತ್ತೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅದೆಲ್ಲ ನನ್ನ ಕಣ್ಣಿಗೆ ಹೇಗೆ ಕಂಡಿತ್ತು ಎಂಬುದು ನಿನಗೆ ಗೊತ್ತಿಲ್ಲ.

ನಲವತ್ತೇಳರ ದೀಪಾವಳಿಗೆ ನೀನು ಮುಂಬಯಿಯಿಂದ ಬಂದಾಗ ಊರು ಬಿಟ್ಟು ಒಂಬತ್ತು ವರ್ಷವಾಗಿತ್ತು. ಹೋಗುವಾಗ ನನ್ನ ಕೈಕೆಳಗೆ ಗಾರೆ ಕಲಸುವವನು, ಬರುವಾಗ ಕಂಕುಳಲ್ಲಿ ನಕ್ಷೆಯ ಸುರುಳಿ. ಅಲ್ಲಿ ಸಮುದ್ರದ ದಂಡೆಯ ಮೇಲೆ ಮೂಲೆಗಳನ್ನು ಉರುಟು ಮಾಡಿ, ಹಡಗಿನ ಅಟ್ಟದಂತೆ ಬಾಲ್ಕನಿ ಚಾಚಿ ಮನೆ ಕಟ್ಟುತ್ತಾರೆ ಎಂದು ಹೇಳಿದೆ. ಯುದ್ಧಕಾಲದಲ್ಲಿ ಗೋದಾಮುಗಳಿಗೆ ಮೂರೇ ಅಂಗುಲ ದಪ್ಪದ ಬಾಗಿದ ಮಾಡು ಹೊಯ್ದದ್ದನ್ನು ಹೇಳಿದೆ. ಇಲ್ಲಿಯ ಮೀನುಪೇಟೆಗೂ ಹಾಗೆಯೇ, ಮಗುಚಿಟ್ಟ ದೋಣಿಯಂತೆ, ನಡುವೆ ಒಂದೂ ಕಂಬವಿಲ್ಲದ ಕಾಂಕ್ರೀಟಿನ ಮಾಡು ಮಾಡೋಣ ಎಂದಾಗ ನಾನು ಬಾಯಲ್ಲಿದ್ದ ಎಲೆಯಡಿಕೆ ಉಗುಳಲು ಎದ್ದುಹೋದೆ. ಉಗುಳುವುದೇನೂ ಇರಲಿಲ್ಲ. ನನ್ನ ಮುಖ ನಿನಗೆ ಕಾಣಬಾರದೆಂದು ಎದ್ದೆ.

ಪೇಟೆ ಕಮಿಟಿಯ ಅಧ್ಯಕ್ಷ ಶ್ರೀಕೃಷ್ಣ ರಾಯರು, “ಕಂಬ ಇಲ್ದೇ ಮಾಡು ನಿಲ್ಲೂದು ಹ್ಯಾಂಗೋ?” ಎಂದು ಕೇಳಿದಾಗ ನೀನು ಮೇಜಿನ ಮೇಲಿದ್ದ ಒಂದು ಟಪಾಲು ಕಾರ್ಡನ್ನು ಎರಡು ಪುಸ್ತಕಗಳ ಮೇಲೆ ಚಪ್ಪಟೆಯಾಗಿ ಇಟ್ಟು, ಅದರ ಮೇಲೆ ಅವರ ಅಡಕತ್ತರಿ ಇಟ್ಟೆ. ಕಾರ್ಡು ಬಗ್ಗಿ ಕೆಳಗೆ ಬಿತ್ತು. ಅದನ್ನೇ ಬಾಗಿಸಿ ಎರಡು ಪುಸ್ತಕಗಳ ನಡುವೆ ಸಿಕ್ಕಿಸಿ, ಮತ್ತೆ ಅಡಕತ್ತರಿ ಇಟ್ಟೆ. ನಿಂತಿತು. ರಾಯರು ತಮ್ಮ ಕೈಯಿಂದಲೇ ಇನ್ನೊಂದು ಸಲ ಇಟ್ಟು ನೋಡಿ, “ಆತು, ಮಾಡು” ಎಂದರು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅವರು ನನಗೆ ಅಷ್ಟು ಬೇಗ “ಆತು” ಎಂದದ್ದಿಲ್ಲ.

ಆಮೇಲೆ ನೀನು ನಕ್ಷೆಯನ್ನು ಹೆಂಗಸರಿಗೆ ತೋರಿಸಲು ಹೋದೆ. ನಾನು ನಗೆಯಾಡಿದೆ. ಲಕ್ಕಿ ನಿನ್ನ ಕಾಗದದ ಮೇಲೆ ಒದ್ದೆ ಬೆರಳಿಟ್ಟು, “ಕಿಟಕಿ ಇಷ್ಟು ಎತ್ತರ ಇಟ್ರೆ ಗಾಳಿ ಗಿರಾಕಿ ಮೊಕಕ್ಕೆ ಹೋಗ್ತದೆ. ನಾವು ಕೂರೂದು ನೆಲದಲ್ಲಿ. ನಮಗೂ ಮೀನಿಗೂ ಎಂತ ಬಂತು?” ಎಂದಳು. ನೀನು ಸಿಟ್ಟಾಗಲಿಲ್ಲ. ಮರುದಿನ ಹೊಸ ನಕ್ಷೆ ತಂದೆ: ನೆಲದಿಂದ ಗೇಣೆತ್ತರದಲ್ಲಿ ಉದ್ದಕ್ಕೂ ಗಾಳಿಗಂಡಿ, ತೊಳೆದ ನೀರು ತಾನಾಗಿ ಹೊಳೆಗೆ ಹೋಗುವಂತೆ ಇಳಿಜಾರಾದ ನೆಲ. ನಾನು ಇಷ್ಟು ಕಟ್ಟಡ ಕಟ್ಟಿದ್ದೇನೆ ದೇವು, ಒಳಗೆ ಇರುವವರನ್ನು ಒಂದು ಮಾತು ಕೇಳಬೇಕೆಂದು ನನಗೆ ಒಂದು ದಿನವೂ ಹೊಳೆದದ್ದಿಲ್ಲ.

ಬಾಗಿದ ಮಾಡಿಗೆ ಅಚ್ಚು ಕಟ್ಟುವವರು ಈ ತಾಲೂಕಿನಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದಾಗ ನೀನು ಮಾವಿನಕುರ್ವೆಗೆ ಹೋಗಿ ದೋಣಿ ಕಟ್ಟುವ ದಾಸನನ್ನು ಕರೆತಂದೆ. ಅವನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ದೋಣಿ ಮಗುಚಿ ಕಟ್ಟೂದಲ್ದಾ? ಅದಕ್ಕೆ ಇಷ್ಟು ಕಾಗದ ಎಂತಕ್ಕೆ?” ಎಂದ. ಅವನೂ ಅವನ ಮಕ್ಕಳೂ ಹಲಗೆಗಳನ್ನು ಬೆಂಕಿಗೆ ಹಿಡಿದು ಬಾಗಿಸಿ ಜೋಡಿಸಿದ ಆ ಅಚ್ಚನ್ನು ನೋಡಲು ಕುಮಟೆಯಿಂದಲೂ ಜನ ಬಂದರು.

ಕಾಂಕ್ರೀಟು ಹೊಯ್ದ ದಿನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಿದಿರಿನ ಇಳಿಜಾರು ಅಟ್ಟದ ಮೇಲೆ ನಲವತ್ತು ಹೆಂಗಸರು, ಕೈಯಿಂದ ಕೈಗೆ ಬುಟ್ಟಿ. ನಡುವೆ ನಿಲ್ಲಿಸಬಾರದು ಎಂದು ನೀನು ಹೇಳಿದ್ದೆ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಯಾರೂ ನಿಲ್ಲಿಸಲಿಲ್ಲ. ಕೊನೆಯ ಬುಟ್ಟಿ ಸುರಿದಾಗ ನೀನು ಕೆಳಗಿಳಿದು ಬಂದು ನನ್ನ ಕಾಲು ಮುಟ್ಟಿದೆ. ನಾನು ನಿನ್ನ ತಲೆಯ ಮೇಲೆ ಕೈಯಿಟ್ಟೆ. ಕೈಯಿಟ್ಟೆ, ಮನಸಾರೆ ಹರಸಲಿಲ್ಲ.

ಮುಂದಿನ ಗೋಡೆಯ ಚಿತ್ರದ ಬಗ್ಗೆ ನಿನಗೆ ತಿಳಿಯದ ಒಂದು ಸಂಗತಿ ಇದೆ. ಭಟ್ಕಳದ ನವಾಯತ ಮನೆಗಳಿಂದ ನೀನು ಬೇಡಿ ತಂದಿದ್ದ ಒಡೆದ ಪಿಂಗಾಣಿ ಬಸಿಗಳ ಚೂರುಗಳಿಂದ ಅಂಟಿಸಿದ್ದೆಯಲ್ಲ, ಆ ನೀಲಿ ಬಂಗಡೆ ಮೀನಿನ ಹಿಂಡು? ಮಾಡು ಹೋದರೂ ಆ ಗೋಡೆ ನಿಂತಿತ್ತು. ಅದನ್ನು ಹಾಗೇ ಬಳಸಿಕೊಂಡು ನಾನು ಹೊಸ ಪೇಟೆ ಕಟ್ಟಿದೆ. ಆರಂಭದ ಹಿಂದಿನ ದಿನ ಕಮಿಟಿಯವರು ಅದಕ್ಕೆ ಸುಣ್ಣ ಬಳಿಯಲು ಹೇಳಿದರು. ಬಳಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಲಕ್ಕಿಯೂ ಅವಳ ಮಗಳು ಕಮಲಿಯೂ ಇನ್ನು ಏಳೆಂಟು ಹೆಂಗಸರೂ ಸೇರಿ ತೆಂಗಿನ ನಾರಿನಿಂದ ಗೋಡೆ ತಿಕ್ಕುತ್ತಿದ್ದಾರೆ. ಸುಣ್ಣ ಹೋಗಿ ಅರ್ಧ ಹಿಂಡು ಹೊರಗೆ ಬಂದಿತ್ತು. “ಯಾರು ಹೇಳಿದ್ರು ನಿಮಗೆ?” ಎಂದು ಗದರಿದೆ. ಲಕ್ಕಿ ತಿರುಗಿ ಕೂಡ ನೋಡದೆ, “ಮೀನಿಗೆ ಸುಣ್ಣ ಹಚ್ಚೂಕೆ ನಿಂಗೆ ಯಾರು ಹೇಳಿದ್ರು?” ಎಂದಳು. ಕಮಿಟಿಯವರು ಆಮೇಲೆ ಆ ಗೋಡೆಯ ಸುದ್ದಿಗೆ ಹೋಗಲಿಲ್ಲ. ಬೆಳಗಿನ ಬಿಸಿಲು ಬಿದ್ದಾಗ ಈಗಲೂ ಅದು ಹೊಳೆಯ ಆಚೆ ದಡಕ್ಕೆ ಹೊಳೆಯುತ್ತದೆ.

ಇನ್ನು ನಾನು ಈ ಕಾಗದ ಬರೆಯಲು ಕುಳಿತ ಕಾರಣ. ಕಾಂಕ್ರೀಟು ಹೊಯ್ದ ಹದಿಮೂರನೆಯ ದಿನ, ನೀನು ಇನ್ನಷ್ಟು ಬಸಿಗಳನ್ನು ತರಲು ಭಟ್ಕಳಕ್ಕೆ ಹೋಗಿದ್ದಾಗ, ಸಂಜೆ ಮಾಡು ಕುಸಿಯಿತು. ದೇವರು ದೊಡ್ಡವನು, ಒಳಗೆ ಯಾರೂ ಇರಲಿಲ್ಲ. ಕಮಿಟಿ ಕೂಡಿದ ದಿನ ಶ್ರೀಕೃಷ್ಣ ರಾಯರು, “ಮುಂಬಯಿ ಹುಡುಗಾಟ ಇಲ್ಲಿ ತಂದೆ. ನಲವತ್ತು ಹೆಂಗಸ್ರು ಅಡಿಗೆ ಸಿಕ್ಕಿದ್ರೆ ಎಂತ ಮಾಡ್ತಿದ್ದೆ?” ಎಂದು ಕೂಗಾಡಿದರು. ನೀನು ಕೈಮುಗಿದು, “ತಪ್ಪು ನಂದೇ” ಎಂದೆ. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ಹಿರಿಯ, ನಿನ್ನನ್ನು ಸಾಕಿದವನು, ಊರು ಬಲ್ಲ ಮೇಸ್ತ್ರಿ. ಒಂದು ಮಾತು ಆಡಿದ್ದರೆ ಅವರು ಕೇಳುತ್ತಿದ್ದರು. ಆಡಲಿಲ್ಲ. ಮೂರನೆಯ ದಿನ ನೀನು ಊರು ಬಿಟ್ಟೆ. ಆ ದಿನ ನಾನು ಸುಮ್ಮನಿದ್ದದ್ದಕ್ಕೆ ನನ್ನನ್ನು ಕ್ಷಮಿಸಬೇಕು. ಅದನ್ನು ಕೇಳಲೆಂದೇ ಇಷ್ಟು ಬರೆದೆ.

ಮೂಟೆ ಹೊರುವ ಕೆಲಸ ನಿನ್ನ ಬೆನ್ನಿಗೆ ಆಗದು. ಸಾಹೇಬರ ಹತ್ತಿರ ಮತ್ತೆ ಹೋಗು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ನಿನ್ನ ಕೈ ಹಿಡಿದ ಕೆಲಸ ಗಟ್ಟಿಯಾಗಿ ನಿಲ್ಲಲಿ, ನಿನ್ನ ನೆತ್ತಿ ತಂಪಾಗಿರಲಿ ಎಂದು ನಾನೂ ನಿನ್ನ ಅವ್ವನೂ ದಿನವೂ ದೇವರಲ್ಲಿ ಬೇಡುತ್ತೇವೆ.

ಇತಿ, ನಿನ್ನ ಮಾವ,
ಬೊಮ್ಮಯ್ಯ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ.

ಭಟ್ಕಳಕ್ಕೆ ಹೊರಡುವಾಗ ನೀನು ಎಲ್ಲರೆದುರಿಗೆ ನನಗೆ ಹೇಳಿದೆ: “ಇಪ್ಪತ್ತೆಂಟು ದಿನ ತುಂಬೂ ತನಕ ಅಚ್ಚಿನ ಕೆಳಗಿನ ಆಸರೆ ಕಂಬದ ಒಂದು ಬೆಣೆಯನ್ನೂ ಮುಟ್ಟಬೇಡ ಮಾವ. ಆಮೇಲೂ ನಡುವಿನದು ಮೊದಲು, ಎರಡು ಬದಿಯದು ಒಟ್ಟಿಗೆ, ಸ್ವಲ್ಪ ಸ್ವಲ್ಪವೇ.” ಹೇಳಿ, ನನಗೆ ಮರೆತೀತೆಂದು ಗೋಡೆಯ ಮೇಲೆ ಇದ್ದಿಲಿನಿಂದ ತಾರೀಖನ್ನೂ ಬರೆದೆ. ಕೆಲಸದವರೆಲ್ಲ ನೋಡುತ್ತಿದ್ದರು. ಕರಣೆ ಹಿಡಿಯುವುದನ್ನು ನನ್ನ ಕೈಯಲ್ಲಿ ಕಲಿತವನು ನನಗೆ ಗೋಡೆಯ ಮೇಲೆ ಪಾಠ ಬರೆಯುತ್ತಾನೆ ಎಂಬುದು ನನ್ನೊಳಗೆ ಮುಳ್ಳಿನಂತೆ ಮುರಿಯಿತು.

ಮರುದಿನ ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ನಾನೊಬ್ಬನೇ ಒಳಗೆ ಹೋದೆ. ಮಾಡಿನ ಅಂಚಿಗೆ ಬಡಿದು ನೋಡಿದೆ, ಕಲ್ಲಿನಂತೆ ಸದ್ದು ಬಂತು. ಹದಿಮೂರು ದಿನದಲ್ಲಿ ನಮ್ಮ ಗಾರೆ ಕಲ್ಲಾಗುತ್ತದೆ, ಇವನ ಸಿಮೆಂಟು ಆಗದೇ ಎಂದುಕೊಂಡೆ. ನೀನು ಬರುವುದರೊಳಗೆ ಒಂದು ಸಾಲು ತೆಗೆದು, “ನೋಡು, ನಿನ್ನ ತಾರೀಖು ಬೇಕಾಗಲಿಲ್ಲ” ಎಂದು ಹೇಳಬೇಕು ಅನ್ನಿಸಿತು. ಹೊಳೆಯ ಬದಿಯ ಸಾಲಿನ ಬೆಣೆಗಳನ್ನೆಲ್ಲ ಸುತ್ತಿಗೆಯಿಂದ ಹೊಡೆದು ತೆಗೆದೆ. ಏನೂ ಆಗಲಿಲ್ಲ. ಅದರ ಕೆಳಗೆ ನಿಂತು ಒಂದು ಬೀಡಿ ಸೇದಿ, ಮನೆಗೆ ಹೋಗಿ ಉಂಡು ಮಲಗಿದೆ. ಎದ್ದದ್ದು ಜನರ ಕೂಗಿಗೆ. ಕುಸಿದ ಮಾಡಿನ ಕೆಳಗೆ ಎಲ್ಲ ಕಂಬಗಳೂ ಮುರಿದು ಬಿದ್ದಿದ್ದವು. ಯಾವುದು ಮೊದಲು ಹೋಯಿತೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಈಗ ಇದನ್ನು ಬರೆಯುವ ಮೊದಲು ಅಡುಗೆಮನೆಗೆ ಹೋಗಿ ನಿನ್ನ ಅವ್ವನಿಗೆ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು. ಕತ್ತಿ ಕೆಳಗಿಟ್ಟಳು. ಆಮೇಲೆ, “ನಂಗೆ ಹೇಳಿ ಎಂತ ಆತು ಅಣ್ಣಾ? ಅವಂಗೆ ಬರೆ. ಊರಿಗೂ ಹೇಳು” ಎಂದಳು. ಮತ್ತೆ ಮೀನಿನ ಕಡೆ ತಿರುಗಿದಳು. ನಾಳೆ ಸೋಮವಾರ ಕಮಿಟಿ ಕೂಡುತ್ತದೆ. ಹೋಗಿ ಹೇಳುತ್ತೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನನ್ನಿಂದ ತಿಳಿಯಲಿ.

ಮಾಡು ಕುಸಿದ ಮರುದಿನ ನೀನು ಭಟ್ಕಳದಿಂದ ಬರುವಾಗ ತಾರಿದೋಣಿಯಲ್ಲಿದ್ದಾಗಲೇ ಮಾಡು ಇಲ್ಲದ್ದು ಕಂಡಿತ್ತು. ಬಸಿಗಳ ಗೋಣಿಯನ್ನು ಹೆಗಲಿನಿಂದ ಇಳಿಸದೆಯೇ ಒಳಗೆ ಬಂದು, ಆ ಚೂರುಗಳ ನಡುವೆ ನಿಂತು ನನ್ನನ್ನು ಕೇಳಿದೆ: “ಮಾವ, ನಾನು ಎಲ್ಲಿ ತಪ್ಪಿದೆ?” ನಿನ್ನ ಕಣ್ಣಲ್ಲಿ ನನ್ನ ಮೇಲೆ ಒಂದು ಚೂರೂ ಸಂಶಯ ಇರಲಿಲ್ಲ. ನಾನು ನಿನ್ನ ಬೆನ್ನು ಸವರಿ, “ಲೆಕ್ಕ ಎಲ್ಲೋ ತಪ್ಪಿರಬೇಕು ತಮ್ಮಾ” ಎಂದೆ.

ಎಲ್ಲಿಯೂ ತಪ್ಪಿರಲಿಲ್ಲ ದೇವು.