ಬೆಟ್ಟದಿಂದ ಕಂಡ ಚಾಮರಾಜಪುರಂ

೯-೨-೧೯೫೮, ಭಾನುವಾರ

ಗಂಗವ್ವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಎಂ.ಎ.ಯಲ್ಲಿ ನನ್ನ ಜೊತೆ ಓದಿದವಳು, ತಾನು ಪಾಠ ಹೇಳುವ ಧಾರವಾಡದ ಕಾಲೇಜಿನ ಕೆಲಸಕ್ಕೆ ನನ್ನನ್ನು ಕರೆದೊಯ್ಯಲೆಂದೇ ಬಂದಿದ್ದಾಳೆ. ಮೈಸೂರು ಬಿಡಲಾರೆ ಎನ್ನುತ್ತಲೇ ಇದ್ದೇನೆ.

ಇವತ್ತು ಅವಳಿಗೆ ಊರು ತೋರಿಸಲು ಟ್ಯಾಕ್ಸಿ, ಗೈಡು ಗೊತ್ತು ಮಾಡಿದೆ. ಅವಳ ಮಾತು ಕೇಳಿ ಗೈಡ್ ಮಹದೇವು ನಮ್ಮಿಬ್ಬರನ್ನೂ ಧಾರವಾಡದವರೆಂದೇ ತಿಳಿದ.

"ನಿಮ್ ಕಡೆ ಇಂಥ ಅರಮನೆ ಎಲ್ಲೈತೆ ಬುಡಿ ಅಮ್ಮಾವ್ರೇ!"

"ನಮ್ಮ ಕಡಿಯಂಥ ಪೇಢೆ ನಿಮ್ಮಲ್ಲೆಲ್ಲೈತಿ ಹೇಳಪಾ?" ಎಂದಳು ಗಂಗವ್ವ.

ನಾನು ನಕ್ಕೆನೇ ಹೊರತು ತಿದ್ದಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ದಿನವಿಡೀ ಪರವೂರಿನವಳಾಗಿ ತಿರುಗಿದೆ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು ಎಷ್ಟು ಚೆನ್ನಾಗಿ ಕಂಡಿತು! ದಿನವೂ ಹೋಗುವವಳ ಕಣ್ಣಿಗೆ ಅಲ್ಲಿ ಬೀಳುತ್ತಿದ್ದುದು ಕೊತ್ತಂಬರಿ ಸೊಪ್ಪು ಮಾತ್ರ.

ಸಂಜೆ ಬೆಟ್ಟದ ಮೇಲೆ ಮಹದೇವು ಕೈ ತೋರಿಸಿದ. "ಅಗೋ, ರೈಲು ಹೋಗ್ತಾ ಐತಲ್ಲ, ಅದೇ ಚಾಮರಾಜಪುರಂ." ನನ್ನ ಮನೆ ಇರುವುದು ಅಲ್ಲೇ. ಹುಡುಕಬೇಕೆಂದು ಅನ್ನಿಸಲಿಲ್ಲ. ಊರೆಲ್ಲ ಒಟ್ಟಿಗೆ ಕಣ್ಣಿಗೆ ಸಿಕ್ಕಿತ್ತು, ಅಷ್ಟೇ ಸಾಕೆನಿಸಿತು. ಇಷ್ಟು ಸುಲಭವಾಗಿ ಬಿಡಬಲ್ಲೆನೇ ಎಂದು ಭಯವೂ ಆಯಿತು.

ಗಂಗವ್ವ ಮಲಗಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಬರುತ್ತೇನೆ ಎಂದುಬಿಡಬೇಕು. ಕಾಫಿ ಹಿಡಿದು ಹಿತ್ತಲ ಪಾರಿಜಾತದ ಹತ್ತಿರ ಹೋಗಿ ನಿಂತೆನೋ, ಮತ್ತೆ ನಾನು ಈ ಊರಿನವಳಾಗಿಬಿಡುತ್ತೇನೆ.