ಐದನೆಯ ಬೆಲ್ಟು

ಮನೆಯಿಂದ,
ಹನ್ನೆರಡನೇ ತಾರೀಕು, ಭಾನುವಾರ

ಪ್ರೀತಿಯ ಅಳಿಯಂದಿರಿಗೆ,

ನಿಮ್ಮ ಮಾವನ ಆಶೀರ್ವಾದಗಳು. ಸೊಂಟ ನೋವು ಈಗ ಹೇಗಿದೆ? ನೀವೀಗ ಕೆಲಸಕ್ಕಿರುವ ಆ ಗಿಡಗಳ ನರ್ಸರಿಯಲ್ಲಿ ಮಣ್ಣಿನ ಚೀಲ ಹೊರಿಸುತ್ತಾರಂತೆ. ಎತ್ತುವಾಗ ಮೊಣಕಾಲು ಮಡಚಿ ಎತ್ತಿ, ಬೆನ್ನು ಬಗ್ಗಿಸಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ನಾವಿಲ್ಲಿ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಮ್ಮ ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ನನಗೆ ಬಡಿಸುತ್ತಾಳೆ. ನಿಮ್ಮ ಮಾತೆತ್ತಿದರೆ ಮಾತ್ರ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯಲು ನಿಲ್ಲುತ್ತಾಳೆ.

ಸುದ್ದಿ ಏನೆಂದರೆ, ಹುಲ್ಲು ಕತ್ತರಿಸುವ ಗಾಡಿಯ ಬೆಲ್ಟು ಮೊನ್ನೆ ಶುಕ್ರವಾರ ಮತ್ತೆ ಕಿತ್ತುಹೋಯಿತು. ಇದು ಐದನೆಯದು. ನೀವು ಹೋದ ಮೇಲೆ ಕಾಲೇಜು ಮೈದಾನದ ಮೇಲ್ವಿಚಾರಕರು ಆ ಸೀಟಿನ ಮೇಲೆ ನನ್ನನ್ನೇ ಕೂರಿಸಿದ್ದಾರೆ. ವರ್ಕ್‌ಶಾಪಿನ ನೆರಳಿನಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದವನು ಈ ವಯಸ್ಸಿನಲ್ಲಿ ಟೋಪಿ ಹಾಕಿಕೊಂಡು ಮೈದಾನ ಸುತ್ತುತ್ತಿದ್ದೇನೆ. ಹುಡುಗಿಯರು "ತಾತನ ಸವಾರಿ ಬಂತು" ಎಂದು ನಗುತ್ತಾರೆ. ನಗಲಿ ಬಿಡಿ. ನಾನು ಎಷ್ಟು ನಿಧಾನ ಓಡಿಸಿದೆನೆಂದರೆ, ಕತ್ತರಿಸಿದ ಹುಲ್ಲು ಬೆನ್ನ ಹಿಂದೆಯೇ ಬೆಳೆಯುತ್ತಿತ್ತೇನೋ. ಆದರೂ ನಾಲ್ಕನೆಯ ಬೆಲ್ಟು ಹನ್ನೊಂದು ದಿನಕ್ಕೆ ಹೋಯಿತು, ಇದು ಒಂಬತ್ತೇ ದಿನಕ್ಕೆ. ಅಂದರೆ ನೀವು ಓಡಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಮೂರನೆಯದು ಕಿತ್ತುಹೋದ ದಿನ ಎಲ್ಲರೆದುರು ನಾನು ಆಡಿದ ಮಾತು ಈಗಲೂ ಚುಚ್ಚುತ್ತದೆ. "ಎಲ್ಲೋ ಗುದ್ಸಿದ್ದೀರಿ, ಓಡ್ಸೋಕೆ ಬರಲ್ಲ ಅಂದ್ರೆ ಇಳೀರಿ, ಎಮ್ಮೆ ಮೇಲೆ ಕೂತ ಹಾಗೆ ಕೂತ್ಕೋಬೇಡಿ" ಎಂದೆ. ಮನೆಯಳಿಯ ಎಂದು ಜನ ಆಡಿಕೊಂಡಾಗಲೂ ನಕ್ಕು ಸುಮ್ಮನಾಗುತ್ತಿದ್ದ ನೀವು ಅಂದು ನಗಲಿಲ್ಲ. ಕೀಲಿಕೈ ಸೀಟಿನ ಮೇಲಿಟ್ಟು ಇಳಿದಿರಿ. ಮನೆಗೆ ಬಂದು ನಿಮ್ಮ ಹೆಂಡತಿಗೆ "ನಾನು ಎಲ್ಲೂ ಗುದ್ದಿಸಿಲ್ಲ ಕಣೇ, ನನ್ನ ನಂಬು" ಎಂದು ಹೇಳುತ್ತಿದ್ದುದು ಗೋಡೆಯ ಈಚೆ ನನಗೂ ಕೇಳಿಸಿತು. ಅವಳು "ಅಪ್ಪ ನಲವತ್ತು ವರ್ಷ ಮಷಿನು ಬಿಚ್ಚಿದ್ದಾರೆ, ಸುಮ್ಸುಮ್ನೆ ಹೇಳ್ತಾರಾ?" ಎಂದಳು. ನಾನು ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ, ರೇಡಿಯೋ ಜೋರು ಮಾಡಿದೆ. ಮರುದಿನ ನೀವು ಬ್ಯಾಗು ಹಿಡಿದು ಹೊರಟಿರಿ.

ನಿನ್ನೆ ಮೇಲ್ವಿಚಾರಕರ ಹತ್ತಿರ ಹೋಗಿ, ಅಳಿಯಂದಿರ ತಪ್ಪಲ್ಲ, ಗಾಡಿಯದೇ ದೋಷ ಎಂದು ಹೇಳಿದೆ. "ಹಾಗಾದ್ರೆ ಕರೆಸ್ಕೊಳ್ಳಿ ಮಾರಾಯ್ರೆ, ನಿಮ್ಮನ್ನ ಆ ಸೀಟಲ್ಲಿ ನೋಡೋಕಾಗ್ತಿಲ್ಲ" ಎಂದರು. ಕೆಲಸ ನಿಮ್ಮದೇ. ಆದರೆ ಹೆಂಡತಿ ಕರೆದರೆ ಮಾತ್ರ ಬರುತ್ತೇನೆ ಎಂದು ನೀವು ಬರೆದಿದ್ದೀರಿ. ಅವರು ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ಕರೆಯುತ್ತೇನೆ ಎಂದು ಅವಳು ಹಟ ಹಿಡಿದಿದ್ದಾಳೆ. ಮಾಡದ ತಪ್ಪನ್ನು ನೀವು ಎಲ್ಲಿಂದ ತಂದು ಒಪ್ಪಿಕೊಳ್ಳುತ್ತೀರಿ ಹೇಳಿ. 

ಮೈ ಹುಷಾರು. ದೇವರು ನಿಮ್ಮಿಬ್ಬರನ್ನೂ ಮತ್ತೆ ಒಂದೇ ಸೂರಿನಡಿ ಸೇರಿಸಲಿ.

ಇಂತಿ,
ನಿಮ್ಮ ಮಾವ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾದೀತು. ಮೊದಲನೆಯ ಬೆಲ್ಟು ಹೋಗುವುದಕ್ಕೆ ವಾರ ಮುಂಚೆ, ನೀವು ರಜೆಯಲ್ಲಿದ್ದಾಗ, ಗಾಡಿಯನ್ನು ಮೈದಾನದ ಅಂಚಿನ ಕಲ್ಲಿಗೆ ಗುದ್ದಿಸಿದವನು ನಾನು. ಬೆಲ್ಟು ಸುತ್ತುವ ಚಕ್ರ ಸೊಟ್ಟಗಾಯಿತು. ಹೊಸದು ಕೇಳಿದರೆ ಕಾರಣ ಹೇಳಬೇಕಲ್ಲ ಎಂದು ಸುತ್ತಿಗೆಯಲ್ಲಿ ಬಡಿದು, ಬಣ್ಣ ಬಳಿದು ಕೂರಿಸಿದೆ. ಎರಡನೆಯ ಬೆಲ್ಟು ಒಂದೇ ಅಂಚಿನಲ್ಲಿ ಸವೆದಿದ್ದನ್ನು ನೋಡಿದ ಕೂಡಲೇ ಇದು ಆ ಸೊಟ್ಟ ಚಕ್ರದ ಕೆಲಸವೆಂದು ನನಗೆ ತಿಳಿಯಿತು. ತಿಳಿದೂ ಮೂರನೆಯದಕ್ಕೆ ನಿಮ್ಮನ್ನು ಬೈದೆ. ಈಗಲೂ ಅದೇ ಚಕ್ರ ತಿರುಗುತ್ತಿದೆ. ಮೇಲ್ವಿಚಾರಕರಿಗೆ ನಾಳೆ ನಿಜ ಹೇಳುತ್ತೇನೆ. ಮಗಳಿಗೆ ಹೇಳಲೆಂದು ಬೆಳಗ್ಗೆಯಿಂದ ಮೂರು ಸಲ ಅಡುಗೆಮನೆಗೆ ಹೋಗಿ, ಬರೀ ನೀರು ಕುಡಿದು ವಾಪಸ್ ಬಂದೆ. ಈ ಪತ್ರವನ್ನು ಅಂಚೆಗೆ ಹಾಕಲು ಅವಳ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. "ಮೊದಲು ನೀನು ಓದಮ್ಮ" ಎಂದು ಮೇಲೆ ಬರೆದಿದ್ದೇನೆ.